ಸಕಲೇಶಪುರ ಒತ್ತಿದರೂ ಆಯ್ಕೆ ಆಗದ ಡ್ರಾಪ್‌ಡೌನ್

ಹಾಸನದ ನಮ್ಮ ಆಫೀಸಿನಲ್ಲಿ ಮಾಡುತ್ತಿದ್ದ ಫಾರ್ಮ್‌ನಲ್ಲಿ ತಾಲ್ಲೂಕು ಹುಡುಕಿ ಆರಿಸುವ ಡ್ರಾಪ್‌ಡೌನ್ ಇತ್ತು. ಸಕಲೇಶಪುರ ಅಂತ ಒತ್ತಿದರೆ ಪಟ್ಟಿ ಮುಚ್ಚುತ್ತಿತ್ತು, ಬಾಕ್ಸ್ ಮಾತ್ರ ಖಾಲಿ. ಟೀಮಿನ ಹೊಸ ಹುಡುಗ ಪಟ್ಟಿ ಮುಚ್ಚುವ ಮುಂಚೆ 200 ಮಿಲಿಸೆಕೆಂಡ್ ಟೈಮರ್ ಹಾಕಿ ರಿವ್ಯೂಗೆ ಕಳಿಸಿದ. ಈ ಟೈಮರ್ ಮದ್ದು ನನಗೆ ಯಾವತ್ತೂ ಹಿಡಿಸಿದ್ದಲ್ಲ. ಮೌಸ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಟ್ಟು ನೋಡಿದೆ: ಮತ್ತೆ ಅದೇ ಕಥೆ.

ಬ್ರೌಸರ್‌ನಲ್ಲಿ ಮೊದಲು ಮೌಸ್‌ಡೌನ್ (ಬಟನ್ ಒತ್ತಿದ ಕ್ಷಣ), ಆಮೇಲೆ ಇನ್‌ಪುಟ್‌ನ ಬ್ಲರ್ (ಟೈಪ್ ಮಾಡುವ ಬಾಕ್ಸ್‌ನಿಂದ ಫೋಕಸ್ ಹೋಗೋದು), ಬೆರಳು ಎತ್ತಿದ ಮೇಲಷ್ಟೇ ಕ್ಲಿಕ್. ಬ್ಲರ್‌ನಲ್ಲೇ ಪಟ್ಟಿ ತೆಗೆದುಬಿಟ್ಟರೆ ಕ್ಲಿಕ್ ಬೀಳೋಕೆ ಜಾಗ ಎಲ್ಲಿ? ಟೈಮರ್ ತೆಗೆಸಿ, ಪಟ್ಟಿಯ ಮೌಸ್‌ಡೌನ್‌ಗೆ ಪ್ರಿವೆಂಟ್‌ಡಿಫಾಲ್ಟ್ (ಬ್ರೌಸರ್ ತಾನಾಗಿ ಮಾಡೋದನ್ನು ತಡೆಯುವ ಆಜ್ಞೆ) ಹಾಕಿಸಿದೆ. ಫೋಕಸ್ ಇನ್‌ಪುಟ್‌ನಲ್ಲೇ ಉಳಿಯಿತು, ಸಕಲೇಶಪುರವೂ ಬಂತು.

"ಒಂದೇ ಲೈನಾ ಸಾರ್?" ಅಂದ ಹುಡುಗ. ಎಸ್ಕೇಪ್, ಬಾಣದ ಕೀಗಳ ಕೆಲಸ ಇನ್ನೂ ಬಾಕಿ. ಅದು ಬೇರೆ ಪ್ಯಾಚ್‌ನಲ್ಲಿ ಬರಲಿ ಅಂದು ಅಪ್ರೂವ್ ಒತ್ತಿದೆ.