ಚುನಾವಣೆ ಸಮಯದ ದ್ವೇಷದ ಮಾತು: ಕೊಡಗಿನಲ್ಲಿ ಓಟು ಇರುವವರು ಏನು ಮಾಡಬಹುದು

ನಮ್ಮಲ್ಲಿ ಚುನಾವಣೆ ಬರುವುದೇ ಜನ ಜಾಸ್ತಿ ಸೇರುವ ಕಾಲದಲ್ಲಿ. 2023ರ ವಿಧಾನಸಭೆಗೆ ಮೇ 10ರಂದು ಓಟು ಹಾಕಿದೆವು, 2024ರ ಲೋಕಸಭೆಗೆ ಏಪ್ರಿಲ್ 26ರಂದು. ಕಾಫಿ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯುವುದು, ಕಣದಲ್ಲಿ ಕರಿಮೆಣಸು ಒಣಗಿಸುವುದು, ಮದುವೆಗಳು, ಕೊಡವ ಕುಟುಂಬಗಳ ಹಾಕಿ ಹಬ್ಬ, ಎಲ್ಲವೂ ಆಗಲೇ. ಹಾಗಾಗಿ ಮನೆ ಬಾಗಿಲು ಹಾಕಿಕೊಂಡು ಕೂರುವ ಹಾಗಿಲ್ಲ. ಹೋದಲ್ಲೆಲ್ಲ ರಾಜಕೀಯದ ಮಾತು ಇದ್ದೇ ಇರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾತು ರಸ್ತೆ, ಆನೆ ಕಾಟ, ಆಸ್ಪತ್ರೆ ಬಿಟ್ಟು ಜನರ ಮೇಲೆ ಹೋಗುತ್ತದಲ್ಲ, "ಅವರು ಜಾಸ್ತಿ ಆದರು", "ಇವರೆಲ್ಲ ಹೊರಗಿನವರು" ಅಂತ, ಆಗ ನನಗೆ ಮೈಯೆಲ್ಲ ಉರಿಯುತ್ತದೆ. ನಿಮಗೂ ಹಾಗೆ ಆಗುತ್ತಿದ್ದರೆ ಮುಂದೆ ಓದಿ.

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಿ. ಆ ಮಾತು ಆಡಿದವರು ಯಾರು? ಓಟು ಕೇಳುವವರಾ, ಇಲ್ಲ ನಿಮ್ಮ ಪರಿಚಯದವರಾ? ನಾವು ಮಾಡುವುದು ಏನೆಂದರೆ, ಚಿಕ್ಕಪ್ಪ ಒಂದು ಕೆಟ್ಟ ಮೆಸೇಜ್ ಹಾಕಿದರೆ ವರ್ಷಗಟ್ಟಲೆ ಮಾತು ಬಿಡುತ್ತೇವೆ, ಅದೇ ಮಾತನ್ನು ವೇದಿಕೆ ಮೇಲೆ ನಿಂತವರು ಮೈಕಿನಲ್ಲಿ ಹೇಳಿದರೆ "ಎಲೆಕ್ಷನ್ ಅಲ್ವಾ, ಹಾಗೇ ಮಾತಾಡುತ್ತಾರೆ" ಅಂತ ಸುಮ್ಮನಾಗುತ್ತೇವೆ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕು. ಚಿಕ್ಕಪ್ಪನ ಜೊತೆ ಮಾತಾಡಬೇಕು, ವೇದಿಕೆಯವರ ಮೇಲೆ ದೂರು ಕೊಡಬೇಕು.

ಪರಿಚಯದವರ ಜೊತೆ

ಭಾಷಣ ಬಿಗಿಯಬೇಡಿ. "ನೀವು ಕೋಮುವಾದಿ" ಅಂದ ಕೂಡಲೇ ಮಾತು ಮುಗಿಯಿತು, ಅವರ ಪಕ್ಕದಲ್ಲಿದ್ದ ಇನ್ನಿಬ್ಬರೂ ಅವರ ಕಡೆ ಆಗುತ್ತಾರೆ. ಪ್ರಶ್ನೆ ಕೇಳಿ. ಸಣ್ಣ ಪ್ರಶ್ನೆ. ಹೆಸರು, ಊರು, ಸರ್ವೆ ನಂಬರ್ ಬೇಕಾಗುವಂಥ ಪ್ರಶ್ನೆ.

ಸಿದ್ದಾಪುರ ಕಡೆಯ ಒಂದು ಚಾ ಅಂಗಡಿಯಲ್ಲಿ ನಡೆದದ್ದು ಹೇಳುತ್ತೇನೆ. ನಮಗೆ ದೂರದ ಸಂಬಂಧ ಆಗುವ ಮಾವ ಒಬ್ಬರು ಬೆಂಚಿನ ಮೇಲೆ ಕೂತು ಜೋರಾಗಿ ಹೇಳುತ್ತಿದ್ದರು, "ಈ ಸಲ ಅವರು ಗೆದ್ದರೆ ನೋಡು, ನಮ್ಮ ತೋಟವೆಲ್ಲ ಆ ಜನರ ಹೆಸರಿಗೆ ಹೋಗುತ್ತೆ." ನಾನು ಕೇಳಿದೆ, "ಯಾರ ತೋಟ ಹೋಗಿದೆ ಮಾವ? ಹೆಸರು ಹೇಳಿ, ಆರ್‌ಟಿಸಿ ತೆಗೆಸಿ ನೋಡೋಣ." ಅವರು ಒಂದು ಗಳಿಗೆ ಯೋಚನೆ ಮಾಡಿ, "ಹಾಗಂತ ಎಲ್ಲರೂ ಹೇಳ್ತಾರಪ್ಪ" ಅಂದರು. "ಎಲ್ಲರೂ ಅಂದರೆ ಯಾರು?" ಅಂದೆ. ಮಗ ಕಳಿಸಿದ ವಿಡಿಯೋ ಅಂತ ಗೊತ್ತಾಯಿತು. ಅಂಗಡಿಯವರು ಅದೇ ಸಮುದಾಯದವರು. ಏನೂ ಕೇಳಿಸದವರ ಹಾಗೆ ಪರೋಟ ತಟ್ಟುತ್ತಿದ್ದರು. ತಮಾಷೆ ಏನೆಂದರೆ ಮಾವನ ಹಳೇ ಲೆಕ್ಕ ಅವರ ಪುಸ್ತಕದಲ್ಲಿ ಇನ್ನೂ ಬಾಕಿ ಇತ್ತು.

ಮಾವ ಬದಲಾದರಾ? ಇಲ್ಲ. ಆದರೆ ಅವತ್ತು ಆ ಮಾತು ಅಲ್ಲಿಗೇ ನಿಂತಿತು, ಪಕ್ಕದಲ್ಲಿದ್ದ ಹುಡುಗರು ನಕ್ಕರು. ಇಷ್ಟು ಸಾಕು. ಚಾ ಅಂಗಡಿಯಲ್ಲಿ ಯಾರ ಮನಸ್ಸನ್ನೂ ಪೂರ್ತಿ ಬದಲಿಸುವ ಹಟ ಬೇಡ. ಕೇಳುತ್ತಾ ಕೂತವರಿಗೆ "ಇದಕ್ಕೆ ಎದುರು ಮಾತೂ ಇದೆ" ಅಂತ ಗೊತ್ತಾದರೆ ಆಯಿತು. ಮತ್ತೆ ಕುಡಿದವರ ಜೊತೆ ಯಾವ ಚರ್ಚೆಯೂ ಬೇಡ, ಎದ್ದು ಬನ್ನಿ.

ಕುಟುಂಬದ ವಾಟ್ಸಾಪ್ ಗ್ರೂಪ್ ಬೇರೆಯೇ ಕಥೆ. ಅಲ್ಲಿ ಎಲ್ಲರ ಎದುರು ಉತ್ತರ ಕೊಟ್ಟರೆ ಹಿರಿಯರಿಗೆ ಅವಮಾನ ಆಗುತ್ತದೆ, ಅವರು ಹಟಕ್ಕೆ ಬಿದ್ದು ಇನ್ನೂ ನಾಲ್ಕು ಹಾಕುತ್ತಾರೆ. ಫೋನ್ ಮಾಡಿ. "ಚಿಕ್ಕಪ್ಪ, ಆ ವಿಡಿಯೋ ನಿಮಗೆ ಯಾರು ಕಳಿಸಿದ್ದು? ಅದು ನಮ್ಮ ಕಡೆಯದ್ದಲ್ಲ ಅನ್ನಿಸುತ್ತೆ, ಬೋರ್ಡ್ ನೋಡಿ ಬೇರೆ ಭಾಷೆಯಲ್ಲಿದೆ" ಅಂತ ಮೆತ್ತಗೆ ಹೇಳಿದರೆ ಎಷ್ಟೋ ಸಲ ಅವರೇ ಡಿಲೀಟ್ ಮಾಡುತ್ತಾರೆ. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ತುಂಬಾ ಕೈ ದಾಟಿ ಬಂದದ್ದು ಅಂತ ಅರ್ಥ. ಅಂಥದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು ವಾಟ್ಸಾಪ್ ಬಿಡುವುದು, 2020ರಿಂದ ಹೀಗಿದೆ. ಗ್ರೂಪ್ ಬಿಟ್ಟು ಹೋಗಬೇಡಿ, ಮ್ಯೂಟ್ ಮಾಡಿ. ಸಾವಿನ ಸುದ್ದಿ, ಮದುವೆ ಸುದ್ದಿ, ಕರೆಂಟು ಹೋದ ಸುದ್ದಿ ಎಲ್ಲ ಅದರಲ್ಲೇ ಬರುವುದು, ಬಿಟ್ಟರೆ ನಷ್ಟ ನಿಮಗೇ.

ಲೈನ್ ಮನೆಯವರ ಬಗ್ಗೆ ಹಬ್ಬಿಸುವ ಸುಳ್ಳು

ಲೈನ್ ಮನೆ ಅಂದರೆ ತೋಟದ ಕಾರ್ಮಿಕರು ಇರುವ ಸಾಲು ಮನೆ. ಅಲ್ಲಿರುವವರ ಬಗ್ಗೆ ಕೊಡಗಿನಲ್ಲಿ ಪ್ರತಿ ಸಲ ಬರುವ ಸುದ್ದಿ ಇದು. "ಅಸ್ಸಾಮಿನವರು ಅಂತ ಬಂದಿರುವವರೆಲ್ಲ ಬಾಂಗ್ಲಾದವರು, ಅವರ ಹೆಸರು ಓಟರ್ ಲಿಸ್ಟಿಗೆ ಸೇರಿಸಿಬಿಟ್ಟಿದ್ದಾರೆ." "ಗಡಿ ದಾಟಿ ಕೇರಳದಿಂದ ಬಸ್ಸಿನಲ್ಲಿ ಬಂದು ಓಟು ಹಾಕುತ್ತಾರೆ." ಹೀಗೆ ಹೇಳುವವರ ತೋಟದಲ್ಲೇ ಅವರಿಂದ ಕಾಫಿ ಕೊಯ್ಲು ಆಗಿರುತ್ತದೆ, ಅದು ಬಿಡಿ.

ಸಿಟ್ಟು ಮಾಡುವ ಮೊದಲು ಲಿಸ್ಟ್ ನೋಡಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ನಿಮ್ಮ ಬೂತಿನ ಭಾಗ ಸಂಖ್ಯೆ ಹಾಕಿದರೆ ಪೂರ್ತಿ ಪಟ್ಟಿ ಸಿಗುತ್ತದೆ. ಮನೆ ನಂಬರ್, ವಯಸ್ಸು ಸಮೇತ. ಇಳಿಸಿಕೊಂಡು ಓದಿ. ಸಣ್ಣ ಊರಿನ ಬೂತ್ ಆದರೆ ಅರ್ಧ ಜನ ನಿಮಗೆ ಗೊತ್ತಿರುವವರೇ ಆಗಿರುತ್ತಾರೆ. ಅನುಮಾನ ಇದ್ದರೆ ಬಿಎಲ್‌ಓ, ಅಂದರೆ ಬೂತ್ ಮಟ್ಟದ ಅಧಿಕಾರಿ ಹತ್ತಿರ ಕೇಳಿ. ನಮ್ಮಲ್ಲಿ ಬಿಎಲ್‌ಓ ಅಂದರೆ ಹೆಚ್ಚಾಗಿ ಅಂಗನವಾಡಿ ಟೀಚರ್ ಅಥವಾ ಶಾಲೆಯ ಮಾಸ್ಟರು, ಯಾವ ಲೈನ್ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಭಾರತದ ಪ್ರಜೆ ಆಗಿದ್ದು, 18 ತುಂಬಿ, ಸಾಮಾನ್ಯವಾಗಿ ಇಲ್ಲೇ ವಾಸ ಇರುವವರು ಇಲ್ಲಿನ ಪಟ್ಟಿಗೆ ಹೆಸರು ಸೇರಿಸಬಹುದು. ಹುಟ್ಟಿದ್ದು ಅಸ್ಸಾಂ ಆದರೂ ಅಷ್ಟೆ, ಪಿರಿಯಾಪಟ್ಟಣ ಆದರೂ ಅಷ್ಟೆ. ಹೊಸ ಹೆಸರಿಗೆ ಫಾರ್ಮ್ 6, ಬೇರೆ ಕಡೆಯಿಂದ ವರ್ಗ ಮಾಡಿಸಲು ಫಾರ್ಮ್ 8. ಯಾರದ್ದೋ ಹೆಸರು ತೆಗೆಸಬೇಕು ಅಂದರೆ ಫಾರ್ಮ್ 7 ಇದೆ. ಕಟ್ಟುಗಟ್ಟಲೆ ಫಾರ್ಮ್ 7 ಹಿಡಿದುಕೊಂಡು "ಇಲ್ಲಿ ಒಂದು ಸಹಿ ಹಾಕಿ ಅಣ್ಣ" ಅಂತ ಯಾರಾದರೂ ಬಂದರೆ ಹಾಕಬೇಡಿ. ಸುಳ್ಳು ಅಂತ ಗೊತ್ತಿದ್ದೂ ಬರೆದುಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು. ಸಹಿ ನಿಮ್ಮದು, ಫಾರ್ಮ್ ತಂದವರು ಆಮೇಲೆ ಕಾಣಿಸುವುದಿಲ್ಲ.

ಎರವರು, ಜೇನು ಕುರುಬರಂಥ ಬುಡಕಟ್ಟು ಜನರ ಬಗ್ಗೆ ಆಡುವ ಮಾತೂ ಇದೇ ಜಾತಿಯದ್ದು. "ಒಂದು ಬಾಟ್ಲಿಗೆ ಓಟು ಮಾರಿಕೊಳ್ಳುತ್ತಾರೆ" ಅನ್ನುತ್ತಾರೆ. ಬಾಟ್ಲಿ ತಂದುಕೊಟ್ಟವರು ಯಾರು ಅಂತ ಕೇಳಿ ನೋಡಿ, ಅವರ ಹೆಸರು ಯಾರೂ ಎತ್ತುವುದಿಲ್ಲ. ಕಾನೂನಿನಲ್ಲಿ ಕೊಡುವುದೂ ಲಂಚ, ತೆಗೆದುಕೊಳ್ಳುವುದೂ ಲಂಚ. ನಿಮ್ಮದೇ ತೋಟ ಇದ್ದರೆ ಮಾತಾಡುವುದಕ್ಕಿಂತ ಒಂದು ಕೆಲಸ ಮಾಡಿ, ಓಟಿನ ದಿನ ಸಂಬಳ ಸಮೇತ ರಜೆ ಕೊಡಿ. ದಿನಗೂಲಿಯವರಿಗೂ ಅದು ಹಕ್ಕು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ನೋಡಿ. ದಂಡ ಬರೀ 500 ರೂಪಾಯಿ ತನಕ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೀಪಿನಲ್ಲಿ ಕರೆದುಕೊಂಡು ಹೋಗಿ "ಇದಕ್ಕೇ ಒತ್ತಬೇಕು" ಅಂತ ಹೇಳಿಕೊಡುವ ಸಾಹುಕಾರರು ಓಟು ಮಾರುವವರ ಬಗ್ಗೆ ಮಾತಾಡಬಾರದು.

ಆಣೆ, ಪ್ರಮಾಣ, ಬಹಿಷ್ಕಾರ

ಕೆಲವು ಕಡೆ ದೇವರ ಹೆಸರಿನಲ್ಲಿ ಆಣೆ ಮಾಡಿಸುತ್ತಾರೆ. ಇಗ್ಗುತ್ತಪ್ಪನ ಮೇಲೆ ಆಣೆ, ಕಾವೇರಮ್ಮನ ಮೇಲೆ ಆಣೆ, ಇನ್ನು ಕೆಲವರಿಗೆ ಮಸೀದಿ, ಚರ್ಚಿನ ಹೆಸರು ಹೇಳುತ್ತಾರೆ. "ಓಟು ಹಾಕದಿದ್ದರೆ ನಮ್ಮ ಜನರಿಂದ ಹೊರಗೆ" ಅನ್ನುವುದೂ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(2)ರಲ್ಲಿ ಇದು ನೇರವಾಗಿ ಬರೆದಿದೆ. ಜಾತಿ, ಸಮುದಾಯದಿಂದ ಹೊರಗೆ ಹಾಕುವ ಬೆದರಿಕೆ, ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅನ್ನುವ ಬೆದರಿಕೆ, ಎರಡೂ ಅನುಚಿತ ಪ್ರಭಾವ. ಆಣೆ ಮಾಡಿಸಿಕೊಂಡು ಹೆದರಿ ಕೂತಿರುವ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಕಾನೂನು ಹೇಳಿದರೆ ಕೇಳುವುದಿಲ್ಲ. "ಬಲವಂತದ ಆಣೆಗೆ ದೇವರು ಲೆಕ್ಕ ಇಡುವುದಿಲ್ಲ ಅಜ್ಜಿ, ಒತ್ತಿದ್ದು ಯಾರಿಗೂ ಕಾಣುವುದೂ ಇಲ್ಲ" ಅನ್ನಿ. ಓಟಿನ ಯಂತ್ರದ ಜೊತೆ ಇರುವ ವಿವಿಪ್ಯಾಟ್‌ನ ಚೀಟಿ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ, ಅದನ್ನು ನೋಡುವುದು ಓಟು ಹಾಕಿದವರು ಮಾತ್ರ.

ವೇದಿಕೆಯವರ ಮೇಲೆ

ಅಭ್ಯರ್ಥಿಯಾಗಲಿ, ಅವರ ಪರವಾಗಿ ಬಂದ ದೊಡ್ಡವರಾಗಲಿ, ಧರ್ಮ, ಜಾತಿ, ಭಾಷೆ ಹೇಳಿ ಓಟು ಕೇಳಿದರೆ ಅದೇ ಕಾಯ್ದೆಯ 123(3), ಜನರ ನಡುವೆ ದ್ವೇಷ ಹುಟ್ಟಿಸಿದರೆ 123(3ಎ). ಎರಡೂ ಭ್ರಷ್ಟಾಚರಣೆ, ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗಬಹುದು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 4-3ರಲ್ಲಿ ಹೇಳಿತು, ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಓಟುದಾರರ ಧರ್ಮ ಹೇಳಿ ಕೇಳಿದರೂ ತಪ್ಪೇ ಅಂತ. ಇದರ ಮೇಲೆ 125ನೇ ಸೆಕ್ಷನ್ ಇದೆ, ಅದರಲ್ಲಿ ಮೂರು ವರ್ಷದವರೆಗೆ ಜೈಲು. ದೇವಸ್ಥಾನ, ಮಸೀದಿ, ಚರ್ಚುಗಳನ್ನು ಪ್ರಚಾರದ ವೇದಿಕೆ ಮಾಡಬಾರದು ಅಂತ ನೀತಿ ಸಂಹಿತೆಯಲ್ಲೇ ಇದೆ.

ದೂರು ಕೊಡಲು ಸುಲಭದ ದಾರಿ ಚುನಾವಣಾ ಆಯೋಗದ ಸಿ-ವಿಜಿಲ್ ಆಪ್. ನೀತಿ ಸಂಹಿತೆ ಇರುವಷ್ಟು ದಿನ ನಡೆಯುತ್ತದೆ. ಸ್ಥಳದಲ್ಲೇ ಆಪ್ ತೆರೆದು ಫೋಟೋ ತೆಗೆಯಬೇಕು ಅಥವಾ ಎರಡು ನಿಮಿಷದ ವಿಡಿಯೋ ಮಾಡಬೇಕು, ಮೊದಲೇ ತೆಗೆದಿಟ್ಟದ್ದನ್ನು ಅದು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳದೆಯೂ ಕೊಡಬಹುದು. 100 ನಿಮಿಷದಲ್ಲಿ ಕ್ರಮ ಅನ್ನುವುದು ಆಯೋಗದ ಲೆಕ್ಕ. ನಮ್ಮ ಕಡೆ ನೆಟ್‌ವರ್ಕ್ ಸಿಗುವುದೇ ಗುಡ್ಡ ಹತ್ತಿದರೆ, ಸಭೆ ನಡೆಯುವುದು ತಗ್ಗಿನಲ್ಲಿ. ಹಾಗಾದರೆ ಆಯೋಗದ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಇಲ್ಲ ಚುನಾವಣಾಧಿಕಾರಿಗೆ ಒಂದು ಹಾಳೆಯಲ್ಲಿ ಬರೆದುಕೊಡಿ. ದಿನ, ಹೊತ್ತು, ಜಾಗ, ಆಡಿದ ಮಾತು ಇದ್ದ ಹಾಗೇ. "ಕೋಮು ಪ್ರಚೋದನೆ ಮಾಡಿದರು" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ವಾಕ್ಯವನ್ನೇ ಬರೆಯಿರಿ. ಹಿಂಬರಹ ಪಡೆಯದೆ ಬರಬೇಡಿ.

ಒಂದು ಮಾತು, ನಿಮಗೆ ಇಷ್ಟ ಇರುವ ಪಕ್ಷದವರು ಹಾಗೆ ಮಾತಾಡಿದರೂ ದೂರು ಕೊಡಬೇಕು. ಇಲ್ಲಿ ಎಲ್ಲರ ಕೈಯೂ ನಡುಗುತ್ತದೆ, ನನ್ನದೂ ಸೇರಿ.

ಮಾತು ನಿಮ್ಮ ಮೇಲೆಯೇ ಬಂದರೆ

ಮೇಲಿನದೆಲ್ಲ ಪಕ್ಕದಲ್ಲಿ ನಿಂತು ಕೇಳುವವರಿಗೆ. ನಿಮ್ಮ ಸಮುದಾಯವನ್ನೇ ಹಿಡಿದು ಬೈದರೆ ಸಂಯಮದ ಪಾಠ ನಿಮಗೆ ಬೇಡ. ಒಬ್ಬರೇ ಇದ್ದರೆ ಉತ್ತರ ಕೊಡಬೇಡಿ, ಜಾಗ ಬಿಡಿ. ಬೆದರಿಕೆ ಇದ್ದರೆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಠಾಣೆಗೆ ಇಬ್ಬರನ್ನು ಕರೆದುಕೊಂಡು ಹೋಗಿ, ಅದರಲ್ಲಿ ಒಬ್ಬರು ಬೇರೆ ಸಮುದಾಯದವರಾದರೆ ಒಳ್ಳೆಯದು. ಪಕ್ಕದಲ್ಲಿ ನಿಂತು ಕೇಳಿದವರು ಆಮೇಲೆ ಬಂದು "ಅವನು ಹಾಗೇ, ಬಿಡು" ಅನ್ನಬೇಡಿ. "ನಾನು ಸಾಕ್ಷಿ ಹೇಳುತ್ತೇನೆ" ಅನ್ನಿ.

ನಿಮ್ಮದೇ ತಲೆಯೊಳಗೆ

ಎದುರಿನವರ ಪೂರ್ವಗ್ರಹ ಕಾಣುವಷ್ಟು ನಮ್ಮದು ಕಾಣುವುದಿಲ್ಲ. ಕೊಡಗಿನಲ್ಲಿ ಮನೆತನದ ಹೆಸರು ಕೇಳಿದ ಕೂಡಲೇ ಆಳನ್ನು ಅಳೆದು ಮುಗಿಸುತ್ತೇವೆ. ಅಭ್ಯರ್ಥಿಗಳ ಪಟ್ಟಿ ಬಂದಾಗಲೂ ಅಷ್ಟೆ, ಕೊಡವರಾ, ಗೌಡರಾ, ಹೊರಗಿನವರಾ ಅನ್ನುವುದೇ ಮೊದಲ ಪ್ರಶ್ನೆ. ಅದರ ಬದಲು ಅವರ ಅಫಿಡವಿಟ್ ತೆಗೆದು ನೋಡಿ. ಫಾರ್ಮ್ 26 ಅನ್ನುತ್ತಾರೆ. ಕೇಸು, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿದೆ, ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದು ಓದಿ ಮೆಚ್ಚದಿದ್ದರೆ 2013ರಿಂದ ನೋಟಾ ಇದೆ. ನನಗೆ ನೋಟಾ ಅಷ್ಟು ಇಷ್ಟ ಇಲ್ಲ, ಆದರೆ ದ್ವೇಷಕ್ಕೆ ಓಟು ಹಾಕುವುದಕ್ಕಿಂತ ವಾಸಿ.

ಹಳೇ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಹೇಳುವವರಿಗೆ ಒಂದು ನೆನಪು. 1952ರಲ್ಲಿ ಕೊಡಗು ಬೇರೆಯೇ ರಾಜ್ಯ. 24 ಸೀಟಿನ ವಿಧಾನಸಭೆ, ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿಗೆ ಸೇರಬೇಕೋ ಬೇಡವೋ ಅನ್ನುವುದು ಆಗಿನ ದೊಡ್ಡ ವಾದ, ಕೊನೆಗೆ 1956ರ ನವೆಂಬರ್ 1ರಂದು ಸೇರಿತು. ಜಗಳ ಆಗಲೂ ಇತ್ತು, ಆದರೆ ಅದಕ್ಕೆ ಒಂದು ವಿಷಯ ಇತ್ತು. ಈಗಲೂ ವಿಷಯಕ್ಕೆ ಬರ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರು, ತೋಟಕ್ಕೆ ಬರುವ ಆನೆ, ಹದಗೆಟ್ಟ ರಸ್ತೆ. ಓಟು ಕೇಳಲು ಮನೆಗೆ ಬಂದವರು ಇನ್ನೊಂದು ಜನರ ಬಗ್ಗೆ ಮಾತು ತೆಗೆದರೆ ಇದರಲ್ಲಿ ಒಂದನ್ನು ಕೇಳಿ. ಉತ್ತರ ಬರುವ ತನಕ ಮತ್ತೆ ಮತ್ತೆ ಅದನ್ನೇ ಕೇಳಿ. ಕಾಫಿ ಕೊಡಿ, ಆದರೆ ಕೇಳಿ.

ಎಣಿಕೆ ದಿನ ಮತ್ತು ಆಮೇಲೆ

ಎಣಿಕೆ ದಿನ ಪೇಟೆ ಕಡೆ ಕೆಲಸ ಇಟ್ಟುಕೊಳ್ಳಬೇಡಿ. ಗೆದ್ದವರು ಬೇಕೆಂದೇ ಸೋತವರ ಕೇರಿಯಲ್ಲಿ ಪಟಾಕಿ ಹೊಡೆಯುತ್ತಾರೆ. ನಿಮ್ಮ ಕಡೆಯವರು ಗೆದ್ದಿದ್ದರೆ ನಿಮ್ಮ ಮನೆಯ ಹುಡುಗರನ್ನು ಆ ಬೈಕ್ ರ‍್ಯಾಲಿಗೆ ಕಳಿಸಬೇಡಿ, ಅಷ್ಟಾದರೂ ನಮ್ಮ ಕೈಯಲ್ಲಿದೆ. ಗ್ರೂಪಿನ ಮ್ಯೂಟ್ ತೆಗೆಯಲು ಒಂದು ವಾರ ಬಿಡಿ. ಅಷ್ಟೊತ್ತಿಗೆ ಯಾರಾದರೂ ಮೆಣಸಿನ ರೇಟು ಕೇಳಿರುತ್ತಾರೆ, ನೀವು ಅದಕ್ಕೆ ಉತ್ತರ ಹಾಕಿ.

ಆದರೆ ಭಾಷಣದ ವಿಡಿಯೋ ಬೇರೆ ಫೋನಿನಲ್ಲಿ ಮಾಡಿಟ್ಟಿದ್ದರೆ ಅದನ್ನು ಅಳಿಸಬೇಡಿ, ಸಾಕ್ಷಿಗೆ ಬೇಕಾಗಬಹುದು. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಹಾಕಲು ಸೋತ ಅಭ್ಯರ್ಥಿಯೇ ಆಗಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಓಟುದಾರರೂ ಹಾಕಬಹುದು.