ನಾಯಕಿಯ ಮನಸ್ಸಲ್ಲಿರುವುದನ್ನು ಪೋಷಕ ಪಾತ್ರದಿಂದ ಹೊರಗೆ ತರುವುದು ಹೇಗೆ?

ಕಾದಂಬರಿಯಲ್ಲಾದರೆ 'ಅವಳಿಗೆ ಭಯವಾಯಿತು' ಎಂದು ಬರೆದರೆ ಮುಗಿಯಿತು. ಚಿತ್ರಕಥೆಯಲ್ಲಿ ಹಾಗಲ್ಲ, ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಇವೆರಡೇ ನಮ್ಮ ಕೈಯಲ್ಲಿರುವುದು. ಅದಕ್ಕೇ ಎಷ್ಟೋ ಜನ ವಾಯ್ಸ್ ಓವರ್ (ದೃಶ್ಯದ ಮೇಲೆ ಹಿನ್ನೆಲೆಯಲ್ಲಿ ಕೇಳಿಸುವ ಪಾತ್ರದ ದನಿ) ಮೊರೆ ಹೋಗುತ್ತಾರೆ, ಇಲ್ಲವೇ ಗೆಳತಿಯೊಬ್ಬಳನ್ನು ತಂದು ಕೂರಿಸಿ 'ಯಾಕೆ ಸಪ್ಪಗಿದ್ದೀಯ?' ಎಂದು ಕೇಳಿಸುತ್ತಾರೆ. ನಾಯಕಿ ಎಲ್ಲ ಹೇಳಿಬಿಡುತ್ತಾಳೆ. ದೃಶ್ಯ ಅಲ್ಲೇ ಸತ್ತಿತು.

ಸುಮ್ನೆ ಕೇಳಿಸಿಕೊಳ್ಳುವ ಪಾತ್ರ ಬೇಡ, ಅದಕ್ಕೂ ತನ್ನದೇ ಒಂದು ಗರಜು ಇರಲಿ. ಕೆಲಸ ಬಿಡಬೇಕೆಂದಿರುವ ಹುಡುಗಿ ಇದ್ದಾಳೆ ಎಂದುಕೊಳ್ಳಿ, ಯಾರಿಗೂ ಹೇಳಿಲ್ಲ. ತಂಗಿ ಬಂದು 'ಅಕ್ಕಾ, ಮುಂದಿನ ತಿಂಗಳು ನನ್ನ ಫೀಸು ಕಟ್ತೀಯಲ್ವಾ?' ಎನ್ನುತ್ತಾಳೆ. ಅಕ್ಕ 'ಹೂಂ' ಎನ್ನುತ್ತಲೇ ರಾಜೀನಾಮೆ ಪತ್ರವನ್ನು ಮೆಲ್ಲಗೆ ಪುಸ್ತಕದಡಿ ಸರಿಸುತ್ತಾಳೆ. ಅವಳ ಮನಸ್ಸು ಗೊತ್ತಾಯಿತು, ಅಲ್ವಾ?

ನನಗೆ ಇನ್ನೂ ಇಷ್ಟವಾಗುವ ದಾರಿ ಎಂದರೆ ಪೋಷಕ ಪಾತ್ರ ತಪ್ಪಾಗಿ ಊಹಿಸುವುದು. 'ನಿನಗೆ ಅವನ ಮೇಲೆ ಸಿಟ್ಟು' ಎಂದಾಗ ಅವಳು 'ಸಿಟ್ಟಲ್ಲ' ಎಂದಷ್ಟೇ ಹೇಳಿ ನಿಲ್ಲಿಸಿದರೆ, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಒಂದೇ ವಿಷಯವನ್ನು ಅಮ್ಮನಿಗೊಂದು ಥರ, ಬಾಸ್‌ಗೊಂದು ಥರ ಹೇಳಿಸಿದರೂ ನಡೆಯುತ್ತದೆ.

ಬರೆದಾದ ಮೇಲೆ ಪೋಷಕ ಪಾತ್ರದ ಮಾತುಗಳನ್ನಷ್ಟೇ ಜೋರಾಗಿ ಓದಿ. ಸಂದರ್ಶನದ ಹಾಗೆ ಕೇಳಿಸಿದರೆ ಅರ್ಧ ಪ್ರಶ್ನೆ ಕಿತ್ತುಹಾಕಿ, ಆ ಜಾಗದಲ್ಲಿ ಒಂದು ಜಗಳ ಇಡಿ.