ಊಟ ಮಾಡಿ ವಾಂತಿ ಭೇದಿ: ಸರ್ಕಾರಿ ದಾಖಲೆಯಲ್ಲಿ ಹುಡುಕುವುದು ಹೇಗೆ?

ಮದುವೆ ಊಟ ಮಾಡಿದವರು ಸಾಲಾಗಿ ಆಸ್ಪತ್ರೆ ಸೇರಿದರು ಅಂತ ಪೇಪರಿನಲ್ಲಿ ಒಂದು ದಿನ ಬರುತ್ತದೆ, ಆಮೇಲೆ ಸುದ್ದಿಯೇ ಇಲ್ಲ, ಅಲ್ವಾ? ಏನಾಯಿತು ಅಂತ ನೋಡಬೇಕಿದ್ದರೆ ಐಡಿಎಸ್‌ಪಿ ವೆಬ್‌ಸೈಟ್ ತೆರೆಯಿರಿ. ಇದು 2004ರಲ್ಲಿ ಶುರುವಾದ ಕೇಂದ್ರ ಸರ್ಕಾರದ ರೋಗ ಕಣ್ಗಾವಲು ಯೋಜನೆ. ಅಲ್ಲಿ ವಾರಕ್ಕೊಂದರಂತೆ ರೋಗ ಹಬ್ಬಿದ ವರದಿಯ ಪಿಡಿಎಫ್‌ಗಳಿವೆ, ಎಲ್ಲ ಇಂಗ್ಲಿಷಿನಲ್ಲಿ.

ವಾರ ಅಂದರೆ ಸೋಮವಾರದಿಂದ ಭಾನುವಾರ. ನಿಮ್ಮ ಜಿಲ್ಲೆ ಆ ವಾರದಲ್ಲಿ ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ, ತಡವಾಗಿ ಬಂದ ವರದಿಗಳು ಮುಂದಿನ ವಾರಗಳ ಪಿಡಿಎಫ್‌ನಲ್ಲಿ ಬೇರೆ ಪಟ್ಟಿಯಾಗಿ ಇರುತ್ತವೆ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಲೆಕ್ಕ ಹಾಕಿ, ಪೂರ್ತಿ ಅಳಿಸಿ ಮತ್ತೆ ಕೂತೆ.

ರೋಗದ ಕಾಲಂನಲ್ಲಿ ಕಾಲರಾ, ಟೈಫಾಯ್ಡ್ ಅಂತಿದ್ದರೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗುತ್ತದೆ. ‘ಫುಡ್ ಪಾಯ್ಸನಿಂಗ್’ ಅಂತಿದ್ದರೆ ಏನೂ ಗೊತ್ತಾಗುವುದಿಲ್ಲ. ಆಗ ಸೀದಾ ಕೊನೆಯ ಷರಾ ಕಾಲಂಗೆ ಹೋಗಿ. ಏನು ತಿಂದಿದ್ದರು, ಮಲದ ಮಾದರಿ ಎಷ್ಟು ಕಳಿಸಿದರು, ಲ್ಯಾಬ್ ಏನು ಹೇಳಿತು ಎಲ್ಲ ಅಲ್ಲೇ ಇರುತ್ತದೆ, ಬರೆದವರಿಗೆ ಪುರುಸೊತ್ತಿದ್ದರೆ. ಊಟವಾಗಿ ಎರಡು ಮೂರು ಗಂಟೆಯಲ್ಲೇ ಬರೀ ವಾಂತಿ, ಜ್ವರ ಇಲ್ಲ ಅಂದರೆ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಊಟದಲ್ಲಿ ಬಿಟ್ಟ ವಿಷದ ಮೇಲೆ ಅನುಮಾನ ಬರುತ್ತದೆ. ಮಾರನೇ ದಿನ ಜ್ವರ, ಹೊಟ್ಟೆನುಲಿತ, ಭೇದಿ ಶುರುವಾಗಿದ್ದರೆ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ಇದು ಅಂದಾಜು ಮಾತ್ರ, ಲ್ಯಾಬ್ ಹೇಳುವವರೆಗೆ ‘ಶಂಕಿತ’ ಅಂತಲೇ ಬರೆದುಕೊಳ್ಳಿ.

ಲ್ಯಾಬ್ ವರದಿ ‘ನೆಗೆಟಿವ್’ ಅಂತ ಕಂಡರೆ ಹುಷಾರು. ಮಾದರಿಯನ್ನು ಆ್ಯಂಟಿಬಯೋಟಿಕ್ ಕೊಡುವ ಮುಂಚೆ ತೆಗೆಯಬೇಕು, ದೂರ ಕಳಿಸುವುದಾದರೆ ಕ್ಯಾರಿ ಬ್ಲೇರ್ ಮಾಧ್ಯಮದಲ್ಲಿಡಬೇಕು (ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಪಾಡುವ ವಸ್ತು). ಮಾತ್ರೆ ನುಂಗಿ ಎರಡು ದಿನ ಆದ ಮೇಲೆ ತೆಗೆದರೆ ಬ್ಯಾಕ್ಟೀರಿಯಾ ಇದ್ದರೂ ಬೆಳೆಯದೆ ಹೋಗಬಹುದು.

ತೀವ್ರತೆ ಎಷ್ಟು ಅಂತ ನೋಡಲು ಸಾವಿನ ಕಾಲಂ ಇದೆ, ಆದರೆ ಇದು ಗುಂಪಿನಲ್ಲಿ ಹಬ್ಬಿದ ರೋಗದ ಪಟ್ಟಿ, ಒಬ್ಬಂಟಿಯಾಗಿ ಆಸ್ಪತ್ರೆ ಸೇರಿದ ಅಜ್ಜಿ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಆಸ್ಪತ್ರೆ ದಾಖಲೆಯ ಐಸಿಡಿ-10 ಕೋಡ್ (ರೋಗಗಳಿಗೆ ಕೊಡುವ ಅಂತರರಾಷ್ಟ್ರೀಯ ಸಂಕೇತ) ಬೇಕು: ಎ02 ಸಾಲ್ಮೊನೆಲ್ಲಾ, ಎ03 ಶಿಗೆಲ್ಲಾ, ಎ04 ಇತರ ಕರುಳಿನ ಬ್ಯಾಕ್ಟೀರಿಯಾ ಸೋಂಕು, ಎ05 ಆಹಾರದ ಬ್ಯಾಕ್ಟೀರಿಯಾ ವಿಷ. ಕಾರಣ ಗೊತ್ತಾಗದ ಭೇದಿ ಕೇಸುಗಳನ್ನು ಎ09ಕ್ಕೆ ಹಾಕಿರುತ್ತಾರೆ, ಅದನ್ನೂ ತೆಗೆದುಕೊಳ್ಳಿ, ಆದರೆ ಉಳಿದವುಗಳ ಜೊತೆ ಕೂಡಿಸಬೇಡಿ.

ನೀವು ಲೆಕ್ಕ ಬರೆದುಕೊಳ್ಳುವ ಶೀಟಿನಲ್ಲಿ ರೋಗ ಶುರುವಾದ ದಿನ, ವರದಿಯಾದ ದಿನ ಎರಡನ್ನೂ ಬೇರೆ ಬೇರೆ ಹಾಕಿ. ಎರಡರ ನಡುವೆ ವಾರಗಟ್ಟಲೆ ಅಂತರ ಇದ್ದರೆ ಮಾದರಿ ಯಾವಾಗ ತೆಗೆದರು ಅಂತ ಜಿಲ್ಲಾ ಸರ್ವೇಕ್ಷಣಾ ಕಚೇರಿಯಲ್ಲಿ ಕೇಳಿ.